ಚೀಟಿಯ ಉಳಿದರ್ಧ

ನಮ್ಮ ನಗರಸಭೆಯ ಕಚೇರಿಯಲ್ಲಿ ಅಧ್ಯಕ್ಷರ ಭಾಷಣ ಬರೆಯುವ ಗುಮಾಸ್ತರೊಬ್ಬರಿದ್ದರು. ಎದುರಿಗೆ ಎಲ್ಲರೂ ಅವರನ್ನು ಚೀಟಿ ಸಾರ್ ಎನ್ನುತ್ತಿದ್ದರು, ಬೆನ್ನ ಹಿಂದೆ ಬರೀ ಚೀಟಿ. ನಾನು ಅವರ ಎದುರು ಮೇಜಿನ ಟೈಪಿಸ್ಟ್. ಹತ್ತೊಂಬತ್ತು ವರ್ಷ ಅವರು ಬರೆದದ್ದನ್ನು ಟೈಪ್ ಮಾಡಿದ್ದೇನೆ. ಹತ್ತೊಂಬತ್ತು ವರ್ಷ ಸಂಸಾರ ಮಾಡಿದವರಿಗೂ ಗಂಡನ ಕೈಬರಹ ಅಷ್ಟು ಗೊತ್ತಿರಲಾರದು. ಅವರು ಗೀಚಿದ್ದನ್ನು ಓದಬಲ್ಲವಳು ಕಚೇರಿಯಲ್ಲಿ ನಾನೊಬ್ಬಳೇ ಆಗಿದ್ದರಿಂದ ನನ್ನನ್ನು ಆ ಕುರ್ಚಿಯಿಂದ ಯಾರೂ ಕದಲಿಸಲಿಲ್ಲ.

ಕೋಣೆ ಮೊದಲನೇ ಮಹಡಿಯ ಕೊನೆಯಲ್ಲಿತ್ತು. ಒಂದೇ ಕಿಟಕಿ, ಅದೂ ಸೈಕಲ್ ನಿಲ್ಲಿಸುವ ಅಂಗಳದ ಕಡೆಗೆ. ಹಳೆಯ ಗ್ರಂಥಾಲಯ ಮುಚ್ಚಿದಾಗ ಹೊತ್ತು ತಂದ ಅರವತ್ತು ಡ್ರಾಯರಿನ ಮರದ ಬೀರು ಅರ್ಧ ಗೋಡೆ ನುಂಗಿತ್ತು. ಅದರ ತುಂಬ ಅಂಗೈಯಗಲದ ಚೀಟಿಗಳು. ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ಯಾರೋ ಆಡಿದ ಮಾತು, ಆಡಿದ ಹಾಗೆಯೇ. ಕೆಳಗೆ ಆಡಿದವರ ಹೆಸರು, ತಾರೀಖು, ಜಾಗ. ಅರ್ಜಿ ಹಿಡಿದು ಸಾಲಿನಲ್ಲಿ ನಿಂತವರು, ಮೆಟ್ಟಿಲ ಮೇಲೆ ಕೂತು ಕಾಯುವವರು, ನಲ್ಲಿಯಲ್ಲಿ ನೀರಿಲ್ಲವೆಂದು ಶಾಪ ಹಾಕುವವರು, ಯಾರ ಮಾತೇ ಆಗಲಿ, ಇವರ ಕಿವಿಗೆ ಬಿತ್ತೆಂದರೆ ಬೀರುವಿಗೆ ಬಿತ್ತು. ಒಂದಕ್ಷರ ಬದಲಿಸುತ್ತಿರಲಿಲ್ಲ. ಬೈಗುಳವಿದ್ದರೆ ಬೈಗುಳವೂ ಇರುತ್ತಿತ್ತು. ಹೊಸದಾಗಿ ಸೇರಿದಾಗ ನಾನು ಊಟದ ಬಿಡುವಿನಲ್ಲಿ ಡ್ರಾಯರ್ ಎಳೆದು ಓದಿ ನಗುತ್ತಿದ್ದೆ. ಆಮೇಲಾಮೇಲೆ ನಗು ಬರುವುದು ನಿಂತಿತು.

ಚೀಟಿಯಲ್ಲಿ ಹೇಗಿತ್ತೋ ಭಾಷಣದಲ್ಲಿ ಹಾಗಿರುತ್ತಿರಲಿಲ್ಲ. ‘ನೀರಿಲ್ದೆ ಮೂರು ದಿನ ಸ್ನಾನ ಕಂಡಿಲ್ಲ ಸ್ವಾಮಿ, ನಾಯಿನೂ ಮೂಸಲ್ಲ ನಮ್ಮನ್ನ’ ಎಂದು ಪೈಪ್ ಜೋಡಿಸುವವನೊಬ್ಬ ಹೇಳಿದ್ದು ಅಧ್ಯಕ್ಷರ ಬಾಯಲ್ಲಿ ‘ಜಲಾಭಾವದಿಂದ ನಾಗರಿಕರ ದೈನಂದಿನ ಬದುಕು ಬಾಧಿತವಾಗಿರುವುದನ್ನು ಒಬ್ಬ ಶ್ರಮಜೀವಿ ನನ್ನ ಗಮನಕ್ಕೆ ತಂದರು’ ಎಂದಾಗುತ್ತಿತ್ತು. ನಾಯಿ ಎಲ್ಲಿ ಹೋಯಿತೆಂದು ನಾನು ಕೇಳಿದ್ದೆ. ಅವರು ತಲೆಯೆತ್ತಲಿಲ್ಲ.

“ಉದ್ದ ಪದ ಬಂದ್ರೆ ಜನ ಸುಮ್ನಾಗ್ತಾರೆ ತಂಗಿ. ಅರ್ಥ ಆಗ್ದೆ ಇದ್ದಾಗ ಯಾರೂ ಜಗಳಕ್ಕೆ ಬರಲ್ಲ.”

ಹೆಸರಿನ ವಿಷಯದಲ್ಲೂ ಒಂದು ಪದ್ಧತಿಯಿತ್ತು. ಆಯುಕ್ತರು, ವೈದ್ಯರು, ಕಂಪನಿಯ ನಿರ್ದೇಶಕರು ಹೇಳಿದ್ದಾದರೆ ಹೆಸರು, ಹುದ್ದೆ ಎರಡನ್ನೂ ಹಾಕುವುದು. ಹುದ್ದೆಯಿಲ್ಲದವರು ಹೇಳಿದ್ದಾದರೆ ‘ಒಬ್ಬ ತಾಯಿ’, ‘ಒಬ್ಬ ಕಾರ್ಮಿಕ’, ‘ಒಬ್ಬ ಹಿರಿಯರು’. ಹೆಸರು ಹಾಕಿದರೆ ನಾಳೆ ಆ ತಾಯಿ ಕಚೇರಿಗೇ ಬಂದು ನಾನು ಹಾಗೆ ಹೇಳಿಲ್ಲ ಎಂದುಬಿಟ್ಟರೆ? ಹೆಸರಿಲ್ಲದಿದ್ದರೆ ಆ ತಲೆನೋವಿಲ್ಲ. ಆದರೆ ಮಾತಿಗೆ ತೂಕ ಬೇಕಲ್ಲ. ಅದಕ್ಕೆ ಹೆಸರಿನ ಬದಲು ಅವರು ದುಡಿದ ವರ್ಷಗಳನ್ನು ಸೇರಿಸುತ್ತಿದ್ದರು. ‘ಹದಿನೆಂಟು ವರ್ಷ ಬಸ್ಸು ಓಡಿಸಿದ ಒಬ್ಬ ಚಾಲಕರು’, ಹೀಗೆ. ಕೇಳಲು ಚೆನ್ನಾಗಿರುತ್ತಿತ್ತು. ನಾಲ್ವರು ಅಧ್ಯಕ್ಷರು ಬಂದು ಹೋದರು, ಪಕ್ಷಗಳು ಬದಲಾದವು, ನಾಲ್ವರೂ ಒಂದೇ ದನಿಯಲ್ಲಿ ಮಾತಾಡಿದರು. ಯಾರಿಗೂ ಅನುಮಾನ ಬರಲಿಲ್ಲ.

ಚೀಟಿಯವರು ಮದುವೆಯಾಗಿರಲಿಲ್ಲ. ಅಕ್ಕನ ಜೊತೆ ಇದ್ದರು. ನನ್ನ ಮನೆಯಿಂದ ಎರಡು ಬಾಗಿಲು ಆಚೆ, ಎರಡು ಕೋಣೆಯ ಮನೆ. ಅಪ್ಪ ಅಮ್ಮ ಒಂದೇ ವರ್ಷದಲ್ಲಿ ಹೋದಾಗ ಅಕ್ಕನಿಗೆ ಹದಿನೈದು, ಇವರಿಗೆ ಹನ್ನೊಂದು. ಅಕ್ಕ ನಗರಸಭೆಯ ಆಸ್ಪತ್ರೆಯಲ್ಲಿ ನೆಲ ಒರೆಸಲು ಸೇರಿದಳು. ಓದು ಬಾರದವಳು, ತಮ್ಮನನ್ನು ಓದಿಸಿದಳು. ಬರೆಯಲು ಕಾಗದ ಬೇಕೆಂದರೆ ಆಸ್ಪತ್ರೆಯಲ್ಲಿ ಎಸೆಯುವ ಹಳೆಯ ನಮೂನೆಗಳನ್ನು ತಂದುಕೊಟ್ಟಳು. ಒಂದು ಬದಿ ‘ರೋಗಿಯ ಹೆಸರು, ವಯಸ್ಸು, ವಾರ್ಡು’ ಎಂದು ಅಚ್ಚಾಗಿ ಮುಂದೆ ಖಾಲಿ ಗೆರೆ. ಇನ್ನೊಂದು ಬದಿ ಬಿಳಿ. ಆ ಬಿಳಿ ಬದಿಯಲ್ಲಿ ಬರೆದೇ ಇವರು ಗುಮಾಸ್ತರಾದದ್ದು. ಆಮೇಲೂ ಆ ಅಭ್ಯಾಸ ಬಿಡಲಿಲ್ಲ. ಬೀರುವಿನ ಚೀಟಿಗಳೆಲ್ಲ ಅಕ್ಕ ತಂದ ನಮೂನೆಗಳನ್ನು ಕತ್ತರಿಸಿ ಮಾಡಿದವೇ. ಐವತ್ತೆಂಟಕ್ಕೆ ಬಂದ ತಮ್ಮನನ್ನು ಅಕ್ಕ ಆಗಲೂ ಪುಟ್ಟ ಎಂದೇ ಕರೆಯುತ್ತಿದ್ದಳು.

ಅಕ್ಕ ಆಗ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ದಿನಗೂಲಿಯವಳು, ನಿವೃತ್ತಿಯ ವಯಸ್ಸೆಂಬುದಿರಲಿಲ್ಲ. ನೆಲಮಾಳಿಗೆ. ಒಂದು ಬಾಯ್ಲರು, ಆರು ಯಂತ್ರ, ಉದ್ದನೆಯ ಎರಡು ಮೇಜು, ಹದಿನಾಲ್ಕು ಹೆಂಗಸರು. ಬಿಸಿ ಹಬೆಯಲ್ಲಿ ಬೆಂದು ಬಂದ ಚಾದರಗಳನ್ನು ಆರುವ ಮುಂಚೆ ಎಳೆದು ಮಡಿಸಬೇಕು. ಅದು ಒಬ್ಬರಿಂದಾಗುವ ಕೆಲಸವಲ್ಲ. ಆ ತುದಿಗೊಬ್ಬರು, ಈ ತುದಿಗೊಬ್ಬರು ನಿಂತು ಎಳೆದು, ಹತ್ತಿರ ಬಂದು, ಮೂಲೆಗೆ ಮೂಲೆ ಸೇರಿಸಬೇಕು. ಪ್ರತಿಯೊಬ್ಬರಿಗೂ ಒಬ್ಬ ಜೋಡಿ. ಅಕ್ಕನ ಜೋಡಿ, ಎಲ್ಲರೂ ಉದ್ದಿ ಎನ್ನುವ, ಬಾಗಿಲಿಗೆ ತಲೆ ತಗಲುವಷ್ಟು ಎತ್ತರದ ಹೆಂಗಸು. ಅಕ್ಕ ಗಿಡ್ಡ. ಇಬ್ಬರ ನಡುವೆ ಚಾದರ ಇಳಿಜಾರಾಗಿ ನಿಲ್ಲುತ್ತಿತ್ತಂತೆ. ಇಪ್ಪತ್ತಾರು ವರ್ಷ ಹಾಗೇ ಮಡಿಸಿದರು. ಮನೆಯಲ್ಲಿ ಅಕ್ಕ ಮಾತೆತ್ತಿದರೆ ಉದ್ದಿ ಹಾಗಂದ್ಲು, ಉದ್ದಿ ಹೀಗಂದ್ಲು. ತಮ್ಮನ ಹೆಸರು ಅಷ್ಟು ಬರುತ್ತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ನಾನು ಅವರ ಮನೆಯಲ್ಲಿದ್ದೆ. ಅಕ್ಕ ಟೀ ಪಾತ್ರೆಯನ್ನು ಬರಿಗೈಯಲ್ಲಿ ಒಲೆಯಿಂದ ಇಳಿಸಿದಳು. ನಾನು ಕಿರುಚಿದೆ. ಅವಳು ತನ್ನ ಅಂಗೈ ನೋಡಿಕೊಂಡು, ಬೇರೆಯವರ ಕೈ ನೋಡುವ ಹಾಗೆ, ಹೇಳಿದಳು:

“ಈ ಕೆಲ್ಸ ಯಾರಿಗೂ ಬೇಡಮ್ಮ. ಕೈ ಸತ್ತೋಗಿದೆ, ಸುಟ್ರೂ ಗೊತ್ತಾಗಲ್ಲ. ನಾಳೆನೇ ಮುಚ್ಚಿಬಿಡ್ಲಿ ಅನ್ಸತ್ತೆ. ಆದ್ರೆ ಕಾಯಿಲೆಯವರ ಮೈಗೆ ಹೊದ್ಸೋ ಬಟ್ಟೆ ನೋಡು, ಅದನ್ನ ಕಂಡೋರ ಕೈಗೆ ಬಿಡೋಕೆ ಮನ್ಸು ಬರಲ್ಲ. ನಾವು ಹದಿನಾಲ್ಕು ಜನ ಇರೋ ತನಕ ಅದು ನಮ್ಮ ಹತ್ರಾನೇ ಇರ್ಲಿ.”

ಚೀಟಿಯವರು ಅಂಗಿಯ ಜೇಬಿನಿಂದ ಪೆನ್ಸಿಲ್ ತೆಗೆದರು. ಅಕ್ಕ ನಕ್ಕಳು. “ನೋಡು, ನನ್ನನ್ನೂ ಪೆಟ್ಟಿಗೆಗೆ ಹಾಕ್ತಾನೆ,” ಎಂದಳು. ಅವಳಿಗೆ ಖುಷಿಯೇ ಆಗಿತ್ತು.

ಎರಡು ತಿಂಗಳ ನಂತರ ಆಸ್ಪತ್ರೆಯ ಬಟ್ಟೆಯನ್ನು ಹೊರಗಿನ ಕಂಪನಿಗೆ ಕೊಡುವ ಪ್ರಸ್ತಾವ ಸಭೆಗೆ ಬಂತು. ಆ ದಿನ ಬೆಳಗ್ಗೆ ಅಧ್ಯಕ್ಷರು ನಮ್ಮ ಕೋಣೆಯ ಬಾಗಿಲಲ್ಲೇ ನಿಂತು, ಅಂಕಿಅಂಶ ಸಾಕು, ಒಳಗಿನವರ ಒಂದು ಮಾತು ಹಾಕಿ, ಮನಸ್ಸಿಗೆ ತಟ್ಟುವಂಥದ್ದು, ಎಂದು ಹೇಳಿ ಹೋದರು. ಚೀಟಿಯವರು ‘ಆಸ್ಪತ್ರೆ’ ಎಂದು ಬರೆದ ಡ್ರಾಯರ್ ಎಳೆದರು. ಡಾಕ್ಟರುಗಳ ಮೇಲಿನ ದೂರು ಬೇಕಾದಷ್ಟಿತ್ತು. ಬಟ್ಟೆಯ ವಿಭಾಗದ್ದು ಒಂದೇ ಚೀಟಿ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಆಮೇಲೆ ಕೂತು ನನಗೆ ಹೇಳಿ ಬರೆಸಿದರು.

“ಬಟ್ಟೆಯ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದ ಒಬ್ಬ ತಾಯಿ ನನ್ನೊಡನೆ ಹೇಳಿಕೊಂಡರು: ಈ ಕೆಲಸ ಯಾರಿಗೂ ಬೇಡ. ನನ್ನ ಕೈಗಳು ಸ್ಪರ್ಶಜ್ಞಾನವನ್ನೇ ಕಳೆದುಕೊಂಡಿವೆ. ನಾಳೆಯೇ ಇದನ್ನು ಮುಚ್ಚಿದರೂ ನನಗೆ ಸಂತೋಷ.”

ನಿಲ್ಲಿಸಿದರು. ನನಗೆ ಉಳಿದರ್ಧ ಗೊತ್ತಿತ್ತು, ನಾನೇ ಕೇಳಿಸಿಕೊಂಡಿದ್ದೆ. ಕೈ ಕೀಲಿಗಳ ಮೇಲಿಟ್ಟುಕೊಂಡು ಕಾದೆ. ಅವರು ಕಿಟಕಿಯ ಕಡೆ ನೋಡುತ್ತ, “ಪೂರ್ಣವಿರಾಮ,” ಎಂದರು. ನಾನು ಒತ್ತಿದೆ. ಅದೇನು ದೊಡ್ಡ ಶಬ್ದವಲ್ಲ. ಆ ಹೊತ್ತಿಗೆ ನನಗೆ ಏನನ್ನಿಸಿತೆಂದು ನೆನಪು ಮಾಡಿಕೊಳ್ಳಲು ಬಹಳ ಸಲ ಯತ್ನಿಸಿದ್ದೇನೆ. ಏನೂ ಅನ್ನಿಸಿರಲಿಲ್ಲ.

ಮರುದಿನದ ಪತ್ರಿಕೆಯಲ್ಲಿ ಭಾಷಣ ಪೂರ್ತಿ ಬಂತು. ‘ಒಬ್ಬ ತಾಯಿಯ ಕಣ್ಣೀರು’ ಎಂದು ದಪ್ಪಕ್ಷರದ ತಲೆಬರಹ. ಅಕ್ಕ ಅಳುವುದನ್ನು ನಾನು ಆವರೆಗೆ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಯಾರೋ ಆ ಪುಟವನ್ನು ಬಾಯ್ಲರಿನ ಪಕ್ಕದ ಗೋಡೆಗೆ ಅಂಟಿಸಿದರು. ಹೆಸರು ಇರಲಿಲ್ಲ, ನಿಜ. ಆದರೆ ಆ ನೆಲಮಾಳಿಗೆಯಲ್ಲಿ ಮೂವತ್ತೊಂದು ವರ್ಷ ದುಡಿದವಳು ಒಬ್ಬಳೇ. ಹೆಸರು ತೆಗೆದು ವರ್ಷ ಉಳಿಸುವ ಬುದ್ಧಿವಂತಿಕೆ ಊರಿಗೆಲ್ಲ ಸರಿಹೋಗಿತ್ತು, ಅಲ್ಲಿ ಮಾತ್ರ ಬೆರಳು ಮಾಡಿ ತೋರಿಸಿದಂತಾಯಿತು. ಮೂವತ್ತು ವರ್ಷದ ಅನುಭವವಿದ್ದೂ ಚೀಟಿಯವರಿಗೆ ಇದು ಹೊಳೆಯಲಿಲ್ಲ.

ಹೆಂಗಸರು ಜಗಳವಾಡಲಿಲ್ಲ. ಬೈದಿದ್ದರೆ ಅಕ್ಕ ತಿರುಗಿ ಬೈಯುತ್ತಿದ್ದಳು, ಅವಳ ಬಾಯಿಯೇನು ಕಡಿಮೆಯಿರಲಿಲ್ಲ. ಉದ್ದಿ ಆ ದಿನ ಬೆಳಗ್ಗೆ ಇನ್ನೊಂದು ಮೇಜಿಗೆ ಹೋಗಿ ನಿಂತಳು, ಅಷ್ಟೇ. ಅಕ್ಕ ಚಾದರದ ಒಂದು ತುದಿ ಹಿಡಿದು ನಿಂತಿದ್ದಳಂತೆ. ಇನ್ನೊಂದು ತುದಿ ಹಿಡಿಯಲು ಯಾರೂ ಬರಲಿಲ್ಲ. ಕೊನೆಗೆ ಮೇಜಿನ ಮೇಲೆ ಹರಡಿ, ಸುತ್ತ ಓಡಾಡಿ, ಒಬ್ಬಳೇ ಮಡಿಸಿದಳು. ಇದನ್ನು ಅವಳೇ ನನಗೆ ಹೇಳಿದ್ದು, ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ.

ತಮ್ಮನಿಗೆ ಅವಳು ಹೇಳಿದ್ದು ಒಂದೇ ಮಾತು.

“ಪುಟ್ಟ, ನಾನು ಹೇಳಿದ್ದು ಪೂರ್ತಿ ಓದ್ಸು. ಮುಚ್ಚೋದಾದ್ರೆ ಮುಚ್ಲಿ. ನಂಗದು ಬೇಡ. ಉದ್ದಿ ಕಿವಿಗೆ ಪೂರ್ತಿ ಬಿದ್ರೆ ಸಾಕು.”

ಅವರ ನಿವೃತ್ತಿಗೆ ಐದು ತಿಂಗಳಿತ್ತು.

ಹದಿನೈದು ದಿನದ ನಂತರ ಸಾರ್ವಜನಿಕರ ಅಹವಾಲು ಸಭೆ. ಯಾರು ಬೇಕಾದರೂ ಬಂದು ಮಾತಾಡಬಹುದು, ಮೂರು ನಿಮಿಷ. ಮೈಕಿನ ಪಕ್ಕ ಒಂದು ಸಣ್ಣ ಬಲ್ಬು, ಹೊತ್ತು ಮೀರಿದರೆ ಕೆಂಪಾಗುತ್ತದೆ, ಮೈಕು ತಾನಾಗಿಯೇ ನಿಲ್ಲುತ್ತದೆ. ಅಧ್ಯಕ್ಷರ ಮೈಕಿಗೆ ಬಲ್ಬಿಲ್ಲ. ಆ ಬೆಳಗ್ಗೆ ಚೀಟಿಯವರು ಬೀರುವಿನಿಂದ ಅಕ್ಕನ ಚೀಟಿ ತೆಗೆದು ಅಂಗಿಯ ಜೇಬಿಗಿಟ್ಟುಕೊಂಡದ್ದನ್ನು ನಾನು ನೋಡಿದೆ. ಇವರು ಕೊಡುತ್ತಾರೆ ಎಂದುಕೊಂಡೆ. ಅವರೂ ಹಾಗೇ ಅಂದುಕೊಂಡಿದ್ದರೋ ಏನೋ. ನಾನು ಸಭೆಯ ನಡಾವಳಿ ಬರೆದುಕೊಳ್ಳಲು ಪಕ್ಕದ ಮೇಜಿನಲ್ಲಿ ಕೂತಿದ್ದೆ, ಅವರು ಅಧ್ಯಕ್ಷರ ಕುರ್ಚಿಯ ಹಿಂದೆ.

ಬಟ್ಟೆಯ ವಿಭಾಗದ ಹೆಂಗಸರು ಹಿಂದಿನ ಸಾಲಿನಲ್ಲಿದ್ದರು. ಅಕ್ಕ ಅವರಿಂದ ನಾಲ್ಕು ಕುರ್ಚಿ ಬಿಟ್ಟು ಕೂತಿದ್ದಳು. ಕರೆದಾಗ ಮೈಕಿನ ಮುಂದೆ ಬಂದು ನಿಂತಳು. ಮೈಕು ಅವಳ ಹಣೆಯ ಎತ್ತರಕ್ಕಿತ್ತು, ಯಾರೂ ಇಳಿಸಲಿಲ್ಲ.

“ಪೇಪರಲ್ಲಿ ಬಂದಿದ್ದು ನನ್ನ ಮಾತು. ಆದ್ರೆ ನಾನು ಹೇಳಿದ್ದು ಅಷ್ಟೇ ಅಲ್ಲ. ಅರ್ಧ ಬಿಟ್ಟುಬಿಟ್ಟಿದ್ದಾರೆ.”

ಅಧ್ಯಕ್ಷರು ಒಳ್ಳೆಯ ಮನುಷ್ಯ, ದನಿಯೇರಿಸುವವರಲ್ಲ. “ತಾಯಿ, ನಿಮ್ಮ ನೋವು ನನಗೆ ಅರ್ಥ ಆಗತ್ತೆ,” ಎಂದರು. “ನನ್ನ ಭಾಷಣದಲ್ಲಿ ನಿಮ್ಮ ಹೆಸರು ಹೇಳಿದ್ದೀನಾ?”

“ಇಲ್ಲ.”

“ಮತ್ತೆ ಅದು ನಿಮ್ಮ ಮಾತೇ ಅಂತ ಹೇಗೆ ಹೇಳ್ತೀರಿ?”

ಪಕ್ಕದಲ್ಲಿದ್ದ ಕಾರ್ಯದರ್ಶಿ ನಿಯಮ ಓದಿದರು. ಅಚ್ಚಾದ ಭಾಷಣವನ್ನು ಪ್ರಶ್ನಿಸುವವರು ಲಿಖಿತ ಆಧಾರ ಕೊಡಬೇಕು. “ಏನಾದ್ರೂ ಕಾಗದ ಇದ್ಯಾ ನಿಮ್ಮ ಹತ್ರ?”

ಅಕ್ಕ ತಮ್ಮನ ಕಡೆ ನೋಡಿದಳು. ಒಂದೇ ಸಲ. ಅವರು ಕೈಯನ್ನು ಎದೆಯ ಜೇಬಿನ ಮೇಲಿಟ್ಟುಕೊಂಡಿದ್ದರು. ಕೈ ಅಲ್ಲಿಂದ ಏಳಲಿಲ್ಲ, ಒಳಗೂ ಹೋಗಲಿಲ್ಲ. ಅವನ ಹತ್ತಿರ ಇದೆ ಎಂದು ಅವಳು ಬೆರಳು ತೋರಿಸಿದ್ದರೆ ಸಾಕಿತ್ತು. ತೋರಿಸಲಿಲ್ಲ. ನಾನೂ ಎದ್ದು ನಾನು ಕೇಳಿಸಿಕೊಂಡಿದ್ದೇನೆ ಎನ್ನಬಹುದಿತ್ತು, ಅದನ್ನು ಬಿಟ್ಟು ಹೇಳಿದರೆ ನಾನೂ ಅರ್ಧ ಹೇಳಿದಂತಾದೀತು. ನಾನು ಬರೆದುಕೊಳ್ಳುತ್ತಿದ್ದೆ.

“ಕಾಗದ ಇಲ್ಲ,” ಎಂದಳು ಅಕ್ಕ. “ನಾನೇ ಇದ್ದೀನಲ್ಲ.”

ಯಾರೋ ನಕ್ಕರು. ಕೆಟ್ಟ ನಗುವಲ್ಲ, ಸುಮ್ಮನೆ. ಅಕ್ಕ ಹಿಂದಿನ ಸಾಲಿನ ಕಡೆ ತಿರುಗಿ ಇನ್ನೇನೋ ಹೇಳಿದಳು, ಅಷ್ಟರಲ್ಲಿ ಬಲ್ಬು ಕೆಂಪಾಗಿತ್ತು. ಬಾಯಿ ಆಡುವುದು ಕಾಣಿಸಿತು, ಮಾತು ಅಲ್ಲಿಯವರೆಗೆ ಹೋಗಲಿಲ್ಲ. ಉದ್ದಿ ತನ್ನ ಮಡಿಲಿನ ಚೀಲದ ಹಿಡಿ ಸರಿಮಾಡಿಕೊಳ್ಳುತ್ತಿದ್ದಳು.

ಮರುದಿನ ನಡಾವಳಿಯನ್ನು ಟೈಪ್ ಮಾಡಿದೆ. ‘ಸಾರ್ವಜನಿಕರೊಬ್ಬರು ತಮ್ಮ ಅಭಿಪ್ರಾಯ ವ್ಯಕ್ತಪಡಿಸಿದರು. ಲಿಖಿತ ಆಧಾರ ಒದಗಿಸಲಿಲ್ಲ.’ ಹಾಳೆ ತೆಗೆದು, ಅಂಚು ಸರಿಮಾಡಿ, ಮೇಲಿನ ಟ್ರೇಗೆ ಹಾಕಿ, ಊಟದ ಡಬ್ಬಿ ಬಿಚ್ಚಿದ ಮೇಲೆಯೇ ನನಗೆ ಅದು ಅಕ್ಕ ಎಂದು ನೆನಪಾದದ್ದು. ನನ್ನ ಕೈಗೂ ಅಷ್ಟು ಅಭ್ಯಾಸವಾಗಿತ್ತು. ನಾಚಿಕೆಯಾಗಬೇಕಿತ್ತು. ಹಸಿವಾಗಿತ್ತು, ಊಟ ಮಾಡಿದೆ.

ಮೂರು ತಿಂಗಳಿಗೆ ನೆಲಮಾಳಿಗೆಗೆ ಬೀಗ ಬಿತ್ತು. ಅಷ್ಟೂ ದಿನ ಅಕ್ಕ ಒಬ್ಬಳೇ ಮಡಿಸಿದಳು. ಅಣ್ಣತಮ್ಮಂದಿರು ಆಸ್ತಿಗೆ ಹೊಡೆದಾಡಿ ಒಂದೇ ಮನೆಯಲ್ಲಿ ಬೆನ್ನು ತಿರುಗಿಸಿ ಬದುಕುವುದನ್ನು ನೋಡಿದ್ದೇನೆ; ಇವರಿಬ್ಬರ ನಡುವೆ ಹಾಗೇನೂ ಇರಲಿಲ್ಲ. ಅಕ್ಕ ಬಡಿಸುತ್ತಿದ್ದಳು, ತಮ್ಮ ಉಣ್ಣುತ್ತಿದ್ದರು, ಉಪ್ಪು ಸಾಕಾ ಎಂದು ಅವಳು ಕೇಳುತ್ತಿದ್ದಳು, ಸಾಕು ಎನ್ನುತ್ತಿದ್ದರು. ಉದ್ದಿಯ ಹೆಸರು ಮಾತ್ರ ಆ ಮನೆಯಲ್ಲಿ ಬರುವುದು ನಿಂತುಹೋಯಿತು. ಆ ಹೆಸರಿಲ್ಲದೆ ಅಕ್ಕನಿಗೆ ಆಡಲು ಹೆಚ್ಚು ಮಾತುಗಳಿರಲಿಲ್ಲ ಎಂದು ಆಗ ಗೊತ್ತಾಯಿತು.

ಚೀಟಿಯವರು ನಿವೃತ್ತರಾದ ದಿನ ಸಣ್ಣ ಸಮಾರಂಭವಿತ್ತು. ಅಧ್ಯಕ್ಷರು ನಾಲ್ಕು ಮಾತಾಡಬೇಕು, ಭಾಷಣ ಬರೆಯುವವರು ಯಾರು? ಇವರೇ ಬರೆದುಕೊಟ್ಟರು, ನಾನು ಟೈಪ್ ಮಾಡಿದೆ. ‘ಮೂವತ್ತು ವರ್ಷ ಸೇವೆ ಸಲ್ಲಿಸಿದ ಒಬ್ಬ ನಿಷ್ಠಾವಂತ ನೌಕರರು ಇಂದು ನಮ್ಮಿಂದ ಬೀಳ್ಕೊಳ್ಳುತ್ತಿದ್ದಾರೆ.’ ಹೆಸರು ಹಾಕಿರಲಿಲ್ಲ. ಓದುತ್ತ ಓದುತ್ತ ಅಧ್ಯಕ್ಷರು ಹಾಳೆ ಮಗುಚಿ ಹೆಸರು ಹುಡುಕಿದರು, ಸಿಗಲಿಲ್ಲ, ಕೆಮ್ಮಿ ಮುಂದೆ ಹೋದರು. ನಾನು ಅಂದು ನಕ್ಕೆ. ಚೀಟಿಯವರು ನಗಲಿಲ್ಲ.

ಮುಂದಿನ ಭಾನುವಾರ ಬೆಳಗ್ಗೆ ಅವರು ನನ್ನ ಬಾಗಿಲು ತಟ್ಟಿದರು. ಇಸ್ತ್ರಿ ಮಾಡಿದ ಅಂಗಿ.

“ಉದ್ದಿ ಮನೆಗೆ ಹೋಗ್ತೀನಿ ತಂಗಿ. ನೀನೂ ಬಾ. ಅಕ್ಕ ಅದನ್ನ ಹೇಳಿದಾಗ ಅಲ್ಲಿದ್ದೋಳು ನೀನೊಬ್ಳೇ.”

ಎರಡು ಬಸ್ಸು ಬದಲಿಸಿ ಹೋದೆವು. ಮೂರನೇ ಮಹಡಿ, ಹಿಡಿಗಂಬಿ ಇಲ್ಲದ ಮೆಟ್ಟಿಲು. ಉದ್ದಿ ಬಾಗಿಲು ತೆರೆದು ನಮ್ಮನ್ನು ನೋಡಿದಳು, ಒಳಗೆ ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಚೀಟಿಯವರು ಜೇಬಿನಿಂದ ಚೀಟಿ ತೆಗೆದು ಅಲ್ಲೇ ಹೊಸ್ತಿಲ ಹೊರಗೆ ನಿಂತು ಓದಿದರು. ಪೂರ್ತಿ. ಸುಟ್ಟರೂ ಗೊತ್ತಾಗದ ಕೈಯಿಂದ ಹದಿನಾಲ್ಕು ಜನರವರೆಗೆ. ಕೊನೆಗೆ ಅಕ್ಕನ ಹೆಸರು, ತಾರೀಖು, ಅಡುಗೆಮನೆ ಎಂಬುದನ್ನೂ ಓದಿದರು. ಎಷ್ಟೋ ಸಾವಿರ ಜನರಿಗೆ ಭಾಷಣ ಬರೆದವರು, ಒಬ್ಬಳ ಮುಂದೆ ಓದುವಾಗ ಎರಡು ಸಲ ತಡವರಿಸಿದರು.

“ಹೌದು, ನಾನೂ ಕೇಳಿಸ್ಕೊಂಡಿದ್ದೆ,” ಎಂದೆ ನಾನು. ಬಹಳ ತಡವಾಗಿ ಹೇಳಿದ ಮಾತು ಎಷ್ಟು ಸಲೀಸಾಗಿ ಬರುತ್ತದೆ.

ಉದ್ದಿ ಚೀಟಿಯನ್ನು ಕೈಗೆ ತೆಗೆದುಕೊಂಡು ತಾರೀಖು ನೋಡಿದಳು. ಅವಳಿಗೆ ಓದು ಬರುತ್ತಿತ್ತು.

“ಸಭೆ ದಿನ ಇದು ಎಲ್ಲಿತ್ತು?”

“ಜೇಬಲ್ಲಿತ್ತು,” ಎಂದರು ಚೀಟಿಯವರು.

ಅವಳು ತಲೆಯಾಡಿಸಿ ಚೀಟಿ ಹಿಂದಿರುಗಿಸಿದಳು. ಬಾಗಿಲಿನ ಚೌಕಟ್ಟಿಗೆ ಒರಗಿ, ನಮ್ಮಿಬ್ಬರನ್ನೂ ಬಿಟ್ಟು ಮೆಟ್ಟಿಲ ಕಡೆ ನೋಡುತ್ತ ಹೇಳಿದಳು:

“ಅವಳ ಮೇಲೆ ನಂಗೆ ಸಿಟ್ಟಿಲ್ಲ. ಸಭೇಲಿ ಅವಳೇ ಎದ್ದು ನಿಂತು ಅರ್ಧ ಬಿಟ್ಟಿದ್ದಾರೆ ಅಂತ ಬಾಯ್ಬಿಟ್ಟು ಹೇಳಿದ್ಲು, ನಾನು ನಂಬ್ಲಿಲ್ಲ. ದೊಡ್ಡೋರು ಹೇಳಿದ್ದು, ಅಚ್ಚಾಗಿದ್ದು, ಅದನ್ನ ನಂಬಿದೆ. ಇಪ್ಪತ್ತಾರು ವರ್ಷ ಎದುರಿಗೆ ನಿಂತೋಳನ್ನ ನಂಬ್ಲಿಲ್ಲ. ಮೂರು ತಿಂಗ್ಳು ಅವಳು ಒಬ್ಳೇ ಮಡಿಸೋದನ್ನ ನೋಡ್ತಾ ನಿಂತಿದ್ದೆ. ಈಗ ಯಾವ ಮುಖ ಇಟ್ಕೊಂಡು ಬರ್ಲಿ? ನಾನು ಬರಲ್ಲ. ಅವಳೂ ಬರೋದು ಬೇಡ ಅಂತ ಹೇಳಿ.”

ಬಾಗಿಲು ಮುಚ್ಚಿದಳು. ರಪ್ಪೆಂದು ಅಲ್ಲ, ಯಾರಾದರೂ ಮುಚ್ಚುವ ಹಾಗೆ.

ಮನೆಗೆ ಬಂದಾಗ ಅಕ್ಕ ಒಗೆದ ಚಾದರವನ್ನು ಹಗ್ಗದಿಂದ ತೆಗೆಯುತ್ತಿದ್ದಳು. ನಾವು ಎಲ್ಲಿಗೆ ಹೋಗಿದ್ದೆವೆಂದು ಅವಳಿಗೆ ಗೊತ್ತಿತ್ತು. ಚಾದರವನ್ನು ಎದೆಗೆ ಅವುಚಿಕೊಂಡು ನಿಂತಳು. ಅರವತ್ತೆರಡು ವರ್ಷದ ಮುಖದಲ್ಲಿ ಅಂಥ ಆಸೆಯನ್ನು ನಾನು ನೋಡಬಾರದಿತ್ತು.

“ಓದಿದ್ಯಾ?”

“ಪೂರ್ತಿ ಓದಿದೆ.”

“ಏನಂದ್ಲು?”

ಚೀಟಿಯವರು ಕಿಟಕಿಯ ಕಡೆ ನೋಡಿದರು. ನನಗೆ ಆ ನೋಟ ಗೊತ್ತು.

“ಸಿಟ್ಟಿಲ್ಲ ಅಂದ್ಲು ಅಕ್ಕ.”

“ಆಮೇಲೆ?”

“ಅಷ್ಟೇ.”

ಅಕ್ಕ ನನ್ನ ಕಡೆ ತಿರುಗಿದಳು. ನಾನು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳಲು ಬಗ್ಗಿದೆ.

“ಇನ್ನೂ ಏನೋ ಅಂದಿರ್ತಾಳೆ,” ಎಂದಳು ಅಕ್ಕ. “ಉದ್ದಿ ಅರ್ಧಕ್ಕೆ ನಿಲ್ಸೋಳಲ್ಲ.”

ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ಒಳಗೆ ಹೋಗಿ ಚಾದರವನ್ನು ಮೇಜಿನ ಮೇಲೆ ಹರಡಿದಳು. ತಮ್ಮ ಹೋಗಿ ಒಂದು ತುದಿ ಹಿಡಿಯಲು ಕೈ ಚಾಚಿದರು. “ಬೇಡ ಬಿಡು ಪುಟ್ಟ, ಅಭ್ಯಾಸ ಆಗಿದೆ,” ಎಂದು, ಮೇಜಿನ ಆ ಕಡೆಗೆ ನಡೆದು ಹೋಗಿ, ಮೂಲೆ ಎತ್ತಿಕೊಂಡು, ಮತ್ತೆ ಈ ಕಡೆಗೆ ಬಂದಳು.